ಪೇಸ್‌ಮೇಕರ್ ಜೊತೆ 43 ವರ್ಷ: ಆರ್ನೆ ಲಾರ್ಸನ್

ಶಿರೂರಿನ ಔಷಧಿ ಅಂಗಡಿಯಲ್ಲಿ ನನಗೆ ದಿನವಿಡೀ ಬೇಕಾಗುವುದು ಮರಾಠಿ. ರಾಂಜಣಗಾಂವ್‌ನ ಕಾರ್ಖಾನೆಗಳಿಗೆ ದುಡಿಯಲು ಬಂದಿರುವ ವಿಜಯಪುರ, ಕಲಬುರಗಿ ಕಡೆಯವರು ಚೀಟಿ ಹಿಡಿದು ಬಂದರೆ ಮಾತ್ರ ಮಾತು ಕನ್ನಡಕ್ಕೆ ತಿರುಗುತ್ತದೆ. ಮನೆಯ ಹಿರಿಯರಿಗೆ ಪೇಸ್‌ಮೇಕರ್ ಬೇಕೆಂದು ವೈದ್ಯರು ಹೇಳಿದ್ದರೆ ಅವರ ಪ್ರಶ್ನೆ ಒಂದೇ: ಹಾಕಿಸಿಕೊಂಡ ಮೇಲೆ ಎಷ್ಟು ವರ್ಷ? ಆಗೆಲ್ಲ ನಾನು ಸ್ವೀಡನ್ನಿನ ಆರ್ನೆ ಲಾರ್ಸನ್ ಕಥೆ ಹೇಳುತ್ತೇನೆ.

1915ರಲ್ಲಿ ಹುಟ್ಟಿದ ಲಾರ್ಸನ್ ಎಂಜಿನಿಯರ್. ಸೋಂಕೊಂದರ ನಂತರ ಅವರ ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ವಿದ್ಯುತ್ ಸಂಕೇತ ಹೋಗುವ ದಾರಿ ಪೂರ್ತಿ ಮುಚ್ಚಿಹೋಯಿತು. ನಾಡಿ ತೀರಾ ನಿಧಾನವಾಗಿ, ದಿನಕ್ಕೆ ಹಲವು ಸಲ ಪ್ರಜ್ಞೆ ತಪ್ಪಿ ಬೀಳುತ್ತಿದ್ದರು. ಔಷಧಗಳಿಂದ ಪ್ರಯೋಜನವಾಗಲಿಲ್ಲ.

ಪತ್ನಿ ಎಲ್ಸೆ-ಮರೀ ಸುಮ್ಮನೆ ಕೂರಲಿಲ್ಲ. ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮತ್ತು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ದೇಹದೊಳಗೆ ಇಡುವ ಪೇಸ್‌ಮೇಕರ್ ಬಗ್ಗೆ ಪ್ರಯೋಗ ನಡೆಸುತ್ತಿರುವುದು ಅವರಿಗೆ ತಿಳಿಯಿತು. ಮನುಷ್ಯರಿಗೆ ಇಡುವಂಥದ್ದು ಇನ್ನೂ ಸಿದ್ಧವಿಲ್ಲ ಎಂದರೂ ಬಿಡದೆ, ಹಾಗಾದರೆ ಮಾಡಿಕೊಡಿ ಎಂದು ಇಬ್ಬರ ಬೆನ್ನುಹತ್ತಿದರು. ರೋಗಿಯ ಆರೈಕೆ ಮಾಡುವವರು ಈ ಭಾಗವನ್ನು ಮರೆಯಬಾರದು.

ಎಲ್ಮ್‌ಕ್ವಿಸ್ಟ್ ಎರಡು ಸಾಧನ ತಯಾರಿಸಿದರು. ಬಿಡಿಭಾಗಗಳ ಸುತ್ತ ಅಂಟುರಾಳ ಎರೆಯಲು ಅಚ್ಚಾಗಿ ಬಳಸಿದ್ದು ಶೂ ಪಾಲಿಶ್ ಡಬ್ಬಿ. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್ ಬಳಿಯ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಸೆನ್ನಿಂಗ್ ಎದೆ ತೆರೆದು ಅದನ್ನು ಅಳವಡಿಸಿದರು. ದೇಹದೊಳಗೆ ಪೂರ್ತಿಯಾಗಿ ಇಟ್ಟ ಮೊದಲ ಪೇಸ್‌ಮೇಕರ್ ಅದು. ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಎರಡನೆಯದನ್ನು ಇಟ್ಟರು, ಅದೂ ಬಹುಕಾಲ ಬಾಳಲಿಲ್ಲ.

ಲಾರ್ಸನ್‌ಗೆ ಕಾಯಿಲೆಯಿಂದ ಆದದ್ದನ್ನೇ ಇಂದು ಕೆಲವರಿಗೆ ವೈದ್ಯರು ಬೇಕೆಂದೇ ಮಾಡುತ್ತಾರೆ ಎಂದರೆ ಅಂಗಡಿಗೆ ಬಂದವರು ಗಾಬರಿಯಾಗುತ್ತಾರೆ. ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಅದುರುವ ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ನಾಡಿಯ ಓಟ ಮಾತ್ರೆಗಳಿಗೂ ಬಗ್ಗದಿದ್ದರೆ, ಪೇಸ್‌ಮೇಕರ್ ಇಟ್ಟು, ಸಂಕೇತ ಇಳಿಯುವ ಎವಿ ನೋಡ್ ಎಂಬ ಜಾಗವನ್ನು ಅಬ್ಲೇಶನ್‌ನಿಂದ ಸುಟ್ಟು ಮುಚ್ಚುತ್ತಾರೆ. ಎದೆಬಡಿತದ ಕಾಟ, ಏದುಸಿರು ಬಹಳ ಜನರಿಗೆ ಕಡಿಮೆಯಾಗುತ್ತದೆ. ಆದರೆ ಮುಚ್ಚಿದ ದಾರಿ ಮತ್ತೆ ತೆರೆಯುವಂಥದ್ದಲ್ಲ. ಪೇಸ್‌ಮೇಕರ್ ಕೊನೆತನಕ ಬೇಕು. ಮೇಲಿನ ಕೋಣೆಗಳ ಅದುರುವಿಕೆಯೂ ನಿಲ್ಲುವುದಿಲ್ಲ. ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವ ಅಪಾಯ ಹಾಗೇ ಇರುತ್ತದೆ. ಮಿಷನ್ ಬಂತಲ್ಲ ಎಂದು ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ಬಿಟ್ಟವರನ್ನು ನಾನು ನೋಡಿದ್ದೇನೆ. ದಯವಿಟ್ಟು ವೈದ್ಯರನ್ನು ಕೇಳದೆ ಬಿಡಬೇಡಿ.

ಲಾರ್ಸನ್ ಕೆಲವು ವರ್ಷ ಪೇಸ್‌ಮೇಕರ್ ಇಲ್ಲದೆಯೇ ಕಳೆದು, 1960ರ ದಶಕದಲ್ಲಿ ಸುಧಾರಿಸಿದ ಸಾಧನ ಪಡೆದರು. ಮತ್ತೆ ಕೆಲಸಕ್ಕೆ ಹೋದರು, ದೇಶವಿದೇಶ ಸುತ್ತಿದರು. ಜೀವಮಾನದಲ್ಲಿ ಅವರಿಗೆ 20ಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಿಸಬೇಕಾಯಿತು. ಈಗಿನವುಗಳ ಬ್ಯಾಟರಿ ಸಾಮಾನ್ಯವಾಗಿ 8ರಿಂದ 12 ವರ್ಷ ಬರುತ್ತದೆ. ಪ್ರತಿ ಬಡಿತವೂ ಅದರಿಂದಲೇ ಬರಬೇಕಾದವರಿಗೆ ಸ್ವಲ್ಪ ಬೇಗ ಮುಗಿಯಬಹುದು. ತಂತಿ ಸರಿಯಿದ್ದರೆ ಕಾಲರ್ ಮೂಳೆಯ ಕೆಳಗಿನ ಡಬ್ಬಿಯನ್ನಷ್ಟೇ ಬದಲಿಸುತ್ತಾರೆ. ಬದಲಿಸಿದ ಮೇಲೆ ಆ ಜಾಗ ಕೆಂಪಾದರೆ, ಊದಿದರೆ, ಕೀವು ಬಂದರೆ ತಡಮಾಡದೆ ತೋರಿಸಿ. ಬಲ ಕೆಳಕೋಣೆಯಿಂದ ಮಾತ್ರ ವರ್ಷಗಟ್ಟಲೆ ಬಡಿಸಿದಾಗ ಕೆಲವರ ಹೃದಯ ದುರ್ಬಲವಾಗುವುದುಂಟು. ಆದ್ದರಿಂದ ಆರಾಮಾಗಿದ್ದರೂ ತಪಾಸಣೆ, ವೈದ್ಯರು ಹೇಳಿದಾಗ ಎಕೋ ತಪ್ಪಿಸಬಾರದು.

ಒಬ್ಬ ಲಾರ್ಸನ್‌ನಿಂದ ಎಲ್ಲರ ಆಯಸ್ಸು ಅಳೆಯಲಾಗದು. ವಯಸ್ಸು, ಹೃದಯದ ಬೇರೆ ಕಾಯಿಲೆಗಳ ಲೆಕ್ಕ ಬೇರೆಯೇ ಇದೆ. ಸಾಧನ ಕಟ್ಟಿದ ಎಲ್ಮ್‌ಕ್ವಿಸ್ಟ್ 1996ರಲ್ಲಿ, ಅಳವಡಿಸಿದ ಸೆನ್ನಿಂಗ್ 2000ದಲ್ಲಿ ತೀರಿಕೊಂಡರು. ಲಾರ್ಸನ್ ಹೋದದ್ದು 2001ರ ಡಿಸೆಂಬರ್‌ನಲ್ಲಿ, 86ನೇ ವಯಸ್ಸಿನಲ್ಲಿ, ಚರ್ಮದ ಕ್ಯಾನ್ಸರ್‌ನಿಂದ.