ಹರಿಹರ ಮಹಾಕವಿಯ ಶಬ್ದವಿವೇಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗಳು ಹೊಸಪೇಟೆಯೊಡನೆ ಕೂಡಿ 2021ರಲ್ಲಿ ವಿಜಯನಗರ ಜಿಲ್ಲೆಯೆನಿಸಿದವು. ಈ ನಾಡಿಗೆ ಕಳಶಪ್ರಾಯವಾದ ಪಂಪಾಕ್ಷೇತ್ರವೇ ಹರಿಹರ ಮಹಾಕವಿಯ ನೆಲೆ. ಹನ್ನೆರಡನೆಯ ಶತಮಾನದ ಅಂತ್ಯ, ಹದಿಮೂರನೆಯದರ ಆದಿ ಈತನ ಕಾಲವೆಂದು ವಿದ್ವಾಂಸರು ಎಣಿಸಿರುವರು. ತಂದೆ ಮಹಾದೇವಭಟ್ಟ, ತಾಯಿ ಶರ್ವಾಣಿ, ಆರಾಧ್ಯದೈವ ವಿರೂಪಾಕ್ಷ.

ಈತನು ಮೊದಲು ದೋರಸಮುದ್ರದಲ್ಲಿ ಹೊಯ್ಸಳ ಅರಸನ ಕರಣಿಕನಾಗಿದ್ದನೆಂದು ಪ್ರತೀತಿ. ಲೆಕ್ಕ ಬರೆಯುತ್ತಿದ್ದಂತೆಯೇ ಒಮ್ಮೆ ಅಂಗೈಗಳನ್ನು ಉಜ್ಜಿ, ಹಂಪೆಯ ಗುಡಿಯ ತೆರೆಗೆ ತಗುಲಿದ ಬೆಂಕಿಯನ್ನು ಆರಿಸಿದನೆಂದು ಕಥೆಯಿದೆ. ಬಳಿಕ ಓಲಗವನ್ನು ತೊರೆದು ಪಂಪಾಪುರಕ್ಕೆ ಮರಳಿದನು; ನರಸ್ತುತಿಗೆ ನಾಲಗೆಯನ್ನು ಮಾರುವುದಿಲ್ಲವೆಂಬ ವ್ರತವನ್ನು ತಳೆದನು.

ಮಾತು ಯಾರಿಗೆ ಸಲ್ಲಬೇಕೆಂಬುದು ನಿಶ್ಚಿತವಾದ ಮೇಲೆ ಎಂತಹ ಮಾತು ಸಲ್ಲಬೇಕೆಂಬ ಪ್ರಶ್ನೆ ಉಳಿಯಿತು. ಸಂಸ್ಕೃತದ ರೂಪದಲ್ಲಿಯೇ ನಿಂತದ್ದು ತತ್ಸಮ, ಮಾರ್ಪಟ್ಟು ಬಂದದ್ದು ತದ್ಭವ, ಈ ನೆಲದಲ್ಲಿಯೇ ಹುಟ್ಟಿದ್ದು ದೇಶ್ಯವೆಂದು ವೈಯಾಕರಣರು ವಿಂಗಡಿಸುವರು. ಇವುಗಳಲ್ಲಿ ಮೇಲು ಕೀಳಿಲ್ಲ. ಸಲ್ಲುವ ಎಡೆಯನ್ನು ಅರಿಯುವುದೇ ವಿವೇಕ. ರಗಳೆಯನ್ನಲ್ಲದೆ ಬೇರೇನನ್ನೂ ಅರಿಯನೆಂದು ಪಂಡಿತರು ಹಳಿಯಲು, ಹರಿಹರನು ಗಿರಿಜಾಕಲ್ಯಾಣವೆಂಬ ಹತ್ತು ಆಶ್ವಾಸಗಳ ಚಂಪುವನ್ನು ರಚಿಸಿದನೆಂದು ಹೇಳುವುದುಂಟು. ಅಲ್ಲಿ ತತ್ಸಮಗಳ ದೀರ್ಘಸಮಾಸಗಳು ಆನೆಗಳ ಸಾಲಿನಂತೆ ಗಂಭೀರವಾಗಿ ನಡೆಯುತ್ತವೆ. ಆದರೂ ಆಡುವವರ ಬಾಯಿಂದ ಮರೆಯಾಗುತ್ತಿದ್ದ ಱ, ೞಗಳ ಪ್ರಾಸಭೇದವನ್ನು ತಾನು ಎಣಿಸುವುದಿಲ್ಲವೆಂದು ಆ ಕಾವ್ಯದಲ್ಲಿಯೇ ಸಾರಿದನು. ಪಾಂಡಿತ್ಯವಿದ್ದೂ ಅದರ ಕಟ್ಟಿಗೆ ಸಿಲುಕದವನ ಧೈರ್ಯವಿದು.

ಶರಣರ ಚರಿತೆಗೆ ಬಂದಾಗ ಅದೇ ಲೇಖನಿ ಬೇರೆ ಹದವನ್ನು ಹಿಡಿಯಿತು. ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿಯರೊಡನೆ ಬೇಡ, ಕುಂಬಾರರೂ ಕಥಾನಾಯಕರಾದರು. ಗುಂಡಯ್ಯನು ಮಡಕೆಯನ್ನು ತಟ್ಟುವ ಸದ್ದಿಗೆ ಶಿವನೇ ಕುಣಿದನೆಂಬ ಕಥೆಗೆ ರಾಜಸಭೆಯ ಪದಗಳು ಒದಗಲಾರವು. ಮಣ್ಣು, ತಿಗುರಿ, ಮಡಕೆಗಳ ನುಡಿಯೇ ಬೇಕು. ಕಾಯಕದವನ ಮಹಿಮೆಯನ್ನು ಅವನಿಗೇ ತಿಳಿಯದ ಮಾತಿನಲ್ಲಿ ಹೇಳಿದರೆ ಅದು ಗೌರವವಾಗದು. ಬಸವರಾಜದೇವರ ರಗಳೆಯಲ್ಲಿ ಪದ್ಯದೊಡನೆ ಗದ್ಯವೂ ಹೆಣೆದುಕೊಂಡಿದೆ. ವಚನಕಾರರು ತೆರೆದ ದಾರಿಯಲ್ಲಿ ಕಾವ್ಯವೂ ನಡೆಯಿತು.

ಸೋದರಳಿಯ ರಾಘವಾಂಕನು ಹರಿಶ್ಚಂದ್ರನನ್ನು ಹಾಡಿದಾಗ ಗುರುವು ಕೆರಳಿ ಅವನ ಐದು ಹಲ್ಲುಗಳನ್ನು ಉದುರಿಸಿದನೆಂದೂ, ಶಿವಭಕ್ತರ ಚರಿತೆಗಳನ್ನು ರಚಿಸಿದ ಬಳಿಕ ಅವು ಮರಳಿ ಬಂದವೆಂದೂ ಐತಿಹ್ಯವಿದೆ. ಆ ಕೋಪ ಕಠೋರವೇ ಸರಿ. ಆದರೆ ನುಡಿಯನ್ನು ನೈವೇದ್ಯವೆಂದು ಬಗೆದವನಿಗೆ ಪಾತ್ರಾಪಾತ್ರವಿಚಾರ ಪ್ರಾಣಸಮಾನವಾದುದು. ಶಬ್ದವನ್ನು ಆಯುವವನು ಮೊದಲು ತನ್ನ ಭಾವವನ್ನು ಶೋಧಿಸಿಕೊಳ್ಳಬೇಕು; ಹಸನಾದ ಹೊಲಕ್ಕೇ ಬೀಜ ಸಲ್ಲತಕ್ಕದ್ದು.