ಮೋಶೆಯ ಮಾವ ಮತ್ತು ಶುಕ್ರವಾರದ ರೊಟ್ಟಿ

ಮಕ್ಕಳೇ, ಶುಕ್ರವಾರ ಸಂಜೆಯ ಸಾಕರ್ ಆಟಕ್ಕೆ ಬಾರದ, ಶನಿವಾರದ ಬರ್ತ್‌ಡೇ ಪಾರ್ಟಿಗೆ ಕರೆದರೆ ‘ಕತ್ತಲಾದ ಮೇಲೆ ಬರ್ತೀನಿ’ ಎನ್ನುವ ಗೆಳೆಯನೋ ಗೆಳತಿಯೋ ನಿಮ್ಮ ಕ್ಲಾಸಿನಲ್ಲಿ ಇರಬಹುದು. ಡಿಸೆಂಬರ್ ಬಂತೆಂದರೆ ನ್ಯೂ ಜೆರ್ಸಿಯಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಆಗ ಅವರ ಅಪ್ಪ ಅಮ್ಮ ಮಧ್ಯಾಹ್ನವೇ ಆಫೀಸು ಬಿಟ್ಟು ಅವಸರದಲ್ಲಿ ಮನೆ ಸೇರುವುದನ್ನೂ ನೀವು ನೋಡಿರುತ್ತೀರಿ. ಅವರು ಯೆಹೂದಿಗಳು. ಶುಕ್ರವಾರ ಹೊತ್ತು ಮುಳುಗುವಾಗ ಆರಂಭವಾಗುವ ಅವರ ಸಬ್ಬತ್, ಶನಿವಾರ ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವವರೆಗೂ ಇರುತ್ತದೆ. ಎಲ್ಲರೂ ಒಂದೇ ಕಟ್ಟುನಿಟ್ಟಿನಲ್ಲಿ ಪಾಲಿಸುವುದಿಲ್ಲ. ಆದರೆ ಪಾಲಿಸುವ ಮನೆಗಳಲ್ಲಿ ಅಷ್ಟು ಹೊತ್ತೂ ಕೆಲಸವಿಲ್ಲ, ಫೋನಿಲ್ಲ, ಒಲೆ ಹಚ್ಚುವಂತಿಲ್ಲ.

ನಮ್ಮ ಪಕ್ಕದ ಮನೆಯವರೂ ಯೆಹೂದಿಗಳೇ, ಶುಕ್ರವಾರ ರಾತ್ರಿಯ ಸಬ್ಬತ್ ಊಟಕ್ಕೆ ನಮ್ಮನ್ನು ಆಗಾಗ ಕರೆಯುತ್ತಾರೆ. ಮೇಣದಬತ್ತಿಯ ಬೆಳಕು, ಹಾಡು, ಊಟ ಎಲ್ಲವೂ ಚೆನ್ನ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬೇರೆಯೇ. ಊಟದ ನಡುವೆ ಮನೆಯ ಒಂಬತ್ತು ವರ್ಷದ ಹುಡುಗಿ ಆ ವಾರದ ಕಥೆಯನ್ನು ಹೇಳಿ, ಎಲ್ಲರ ಮುಂದೆ ಒಂದು ಪ್ರಶ್ನೆ ಇಟ್ಟಳು. ಮೇಜಿನ ಸುತ್ತ ಕೂತ ದೊಡ್ಡವರೆಲ್ಲ ಅವಳ ಪ್ರಶ್ನೆಗೆ ಉತ್ತರ ಹುಡುಕತೊಡಗಿದರು. ಅವಳ ಅಜ್ಜನೂ.

ಆ ಕಥೆ ಟೋರಾದ್ದು. ಟೋರಾ ಎಂದರೆ ಯೆಹೂದಿಗಳ ಐದು ಪವಿತ್ರ ಪುಸ್ತಕಗಳು. ಕನ್ನಡ ಬೈಬಲಿನಲ್ಲಿ ಅವುಗಳಿಗೆ ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ ಎಂದು ಹೆಸರು. ಈ ಐದನ್ನೂ 54 ಭಾಗ ಮಾಡಿದ್ದಾರೆ. ಒಂದೊಂದು ಭಾಗವೂ ಒಂದು ‘ಪಾರಾಶಾ’. ವಾರಕ್ಕೊಂದರಂತೆ, ಕೆಲವು ವಾರ ಎರಡನ್ನು ಜೋಡಿಸಿ, ವರ್ಷದಲ್ಲಿ ಪೂರ್ತಿ ಓದಿ ಮುಗಿಸುತ್ತಾರೆ. ಕೊನೆಯ ಭಾಗ ಮುಗಿಯುವುದು ಸಿಮ್ಹತ್ ಟೋರಾ ಎಂಬ ಹಬ್ಬದ ದಿನ. ಅಂದೇ ಮತ್ತೆ ಮೊದಲ ಸಾಲಿನಿಂದ ಶುರುಮಾಡುತ್ತಾರೆ.

ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಓದುವುದು ಚರ್ಮದ ಸುರುಳಿಯಿಂದ. ಅದನ್ನು ಇವತ್ತಿಗೂ ಗರಿಯ ಲೇಖನಿಯಿಂದ ಕೈಯಲ್ಲೇ ಬರೆಯುತ್ತಾರೆ. ಮೂರು ಲಕ್ಷಕ್ಕೂ ಹೆಚ್ಚು ಅಕ್ಷರಗಳಿವೆ. ಒಂದು ಅಕ್ಷರ ತಪ್ಪಿದ್ದರೂ ತಿದ್ದುವ ತನಕ ಆ ಸುರುಳಿಯನ್ನು ಓದಲು ಬಳಸುವುದಿಲ್ಲ. ಬರಿಗೈಯಲ್ಲಿ ಮುಟ್ಟದೆ, ತುದಿಯಲ್ಲಿ ಪುಟ್ಟ ಬೆರಳಿನ ಆಕಾರವಿರುವ ಬೆಳ್ಳಿಯ ಕಡ್ಡಿಯಿಂದ ಸಾಲು ತೋರಿಸುತ್ತಾ ಓದುತ್ತಾರೆ. ಇನ್ನೊಂದು ಸಂಗತಿ ಕೇಳಿ: ಆ ಸುರುಳಿಯಲ್ಲಿ ಸ್ವರದ ಗುರುತುಗಳೇ ಇಲ್ಲ. ನಮ್ಮ ಅಕ್ಷರಗಳಿಂದ ಇಳಿ, ಗುಡಿಸು, ಕೊಂಬು, ಏತ್ವ ಎಲ್ಲವನ್ನೂ ಕಿತ್ತುಹಾಕಿ ‘ಈಗ ರಾಗವಾಗಿ ಓದು’ ಎಂದರೆ ಹೇಗಿರುತ್ತದೋ ಹಾಗೆ. ಹದಿಮೂರು ತುಂಬಿದ ಮಕ್ಕಳು ಸಭೆಯ ಮುಂದೆ ನಿಂತು ಅದನ್ನು ಓದುತ್ತಾರೆ. ಅದಕ್ಕಾಗಿ ತಿಂಗಳುಗಟ್ಟಲೆ ಕಲಿಯುತ್ತಾರೆ. ಅವರಿಗೂ ನಿಮ್ಮಷ್ಟೇ ಹೋಮ್‌ವರ್ಕ್ ಇರುತ್ತದೆ.

ವಾರವಾರದ ಈ ಭಾಗಗಳನ್ನು ನಾಯಕತ್ವದ ಪಾಠಗಳಾಗಿ ಓದಿದವರಲ್ಲಿ ಜೊನಾಥನ್ ಸ್ಯಾಕ್ಸ್ ದೊಡ್ಡ ಹೆಸರು. 1991ರಿಂದ 2013ರವರೆಗೆ ಬ್ರಿಟನ್ನಿನ ಮುಖ್ಯ ರಬ್ಬಿ, ಅಂದರೆ ಯೆಹೂದಿ ಧರ್ಮಗುರು, ಆಗಿದ್ದರು. ಪ್ರತಿ ಪಾರಾಶಾಕ್ಕೂ ಒಂದೊಂದು ಪ್ರಬಂಧವಿರುವ ಅವರ ‘ಲೆಸನ್ಸ್ ಇನ್ ಲೀಡರ್‌ಶಿಪ್’ 2015ರಲ್ಲಿ ಬಂತು. 2020ರಲ್ಲಿ ಅವರು ತೀರಿಕೊಂಡರು. ಪಕ್ಕದ ಮನೆಯ ಕಪಾಟಿನಲ್ಲಿ ಆ ಪುಸ್ತಕ ಇದೆ, ಪುಟಗಳ ಮೇಲೆ ಅಲ್ಲಲ್ಲಿ ಎಣ್ಣೆಯ ಕಲೆ. ಅಡುಗೆಮನೆಗೂ ಹೋಗಿಬರುವ ಪುಸ್ತಕ ಎಂದ ಮೇಲೆ ಅದು ಆ ಮನೆಯಲ್ಲಿ ನಿಜವಾಗಿ ಬದುಕಿದೆ ಎಂದೇ ಅರ್ಥ.

ನನಗೆ ಅತ್ಯಂತ ಪ್ರಿಯವಾದದ್ದು ಇತ್ರೋವಿನ ಕಥೆ. ಜನವರಿ ಕೊನೆಗೋ ಫೆಬ್ರವರಿಯಲ್ಲೋ ಬರುವ ಪಾರಾಶಾ ಇದು. ಮೋಶೆ ತನ್ನ ಜನರನ್ನು ಈಜಿಪ್ಟಿನ ದಾಸ್ಯದಿಂದ ಬಿಡಿಸಿ ಮರುಭೂಮಿಗೆ ಕರೆತಂದಿದ್ದಾನೆ. ಅವನ ಮಾವ ಇತ್ರೋ ಮಿದ್ಯಾನ್ ನಾಡಿನ ಪೂಜಾರಿ, ಬೇರೆ ಜನಾಂಗದವನು. ಮಗಳು ಚಿಪ್ಪೋರ, ಮೊಮ್ಮಕ್ಕಳು ಗೇರ್ಷೋಮ್ ಮತ್ತು ಎಲೀಯೆಜರ್, ಇವರನ್ನು ಕರೆದುಕೊಂಡು ಅಳಿಯನನ್ನು ನೋಡಲು ಬರುತ್ತಾನೆ. ಮೋಶೆ ಎದ್ದು ಹೋಗಿ ನಮಸ್ಕರಿಸಿ, ಮುದ್ದಿಟ್ಟು, ಗುಡಾರದೊಳಗೆ ಕರೆತರುತ್ತಾನೆ. ನಡೆದದ್ದನ್ನೆಲ್ಲ ಹೇಳುತ್ತಾನೆ. ಎಲ್ಲರೂ ಕೂಡಿ ರೊಟ್ಟಿ ತಿನ್ನುತ್ತಾರೆ.

ಮರುದಿನ ಮೋಶೆ ನ್ಯಾಯ ಹೇಳಲು ಕೂರುತ್ತಾನೆ. ಬೆಳಗಿನಿಂದ ಸಂಜೆಯವರೆಗೆ ಜನ ಸಾಲುಗಟ್ಟಿ ನಿಂತಿದ್ದಾರೆ. ಕುರಿ ಕಳೆದವನೂ ಅವನ ಹತ್ತಿರವೇ ಬರಬೇಕು, ಕೊಲೆಯ ದೂರು ತಂದವನೂ ಅವನ ಹತ್ತಿರವೇ. ಇತ್ರೋ ಇದನ್ನು ನೋಡಿ, ನೀನು ಮಾಡುತ್ತಿರುವುದು ಸರಿಯಲ್ಲಪ್ಪಾ ಎನ್ನುತ್ತಾನೆ. ಹೀಗೆಯೇ ಹೋದರೆ ನೀನೂ ಸೋಲುತ್ತೀಯ, ಕಾದು ನಿಂತ ಜನರೂ ಸೋಲುತ್ತಾರೆ. ಸಮರ್ಥರನ್ನು, ದೇವರಿಗೆ ಅಂಜುವವರನ್ನು, ಸತ್ಯವಂತರನ್ನು, ಲಂಚಕ್ಕೆ ಕೈಯೊಡ್ಡದವರನ್ನು ಹುಡುಕು. ಸಾವಿರ ಜನಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಎಂದು ನೇಮಿಸು. ಸಣ್ಣ ತಕರಾರು ಅವರೇ ಬಗೆಹರಿಸಲಿ, ದೊಡ್ಡದು ಮಾತ್ರ ನಿನ್ನ ಹತ್ತಿರ ಬರಲಿ.

ಸಮುದ್ರವನ್ನೇ ದಾಟಿ ಬಂದ ನಾಯಕ ಆ ಮಾತನ್ನು ಕೇಳುತ್ತಾನೆ! ಹೊರಗಿನವನು ನನಗೇನು ಹೇಳುವುದು ಎನ್ನುವುದಿಲ್ಲ. ಇತ್ರೋ ಬುದ್ಧಿ ಹೇಳಿದ ಕ್ರಮವನ್ನೂ ಗಮನಿಸಿ. ಮೊದಲು ಅಳಿಯನ ಸಂತೋಷದಲ್ಲಿ ಪಾಲುಗೊಂಡ, ಜೊತೆಗೆ ಕೂತು ಉಂಡ, ಒಂದಿಡೀ ದಿನ ಸುಮ್ಮನೆ ನೋಡಿದ, ಆಮೇಲೆ ಬಾಯಿ ತೆರೆದ. ಹತ್ತು ಆಜ್ಞೆಗಳು ಬರುವುದೂ ಇದೇ ಪಾರಾಶಾದಲ್ಲಿ. ಅಷ್ಟು ಮಹತ್ವದ ಭಾಗಕ್ಕೆ ಯೆಹೂದಿಗಳು ಇಟ್ಟುಕೊಂಡಿರುವ ಹೆಸರು ಈ ಪರಜನಾಂಗದ ಹಿರಿಯನದು. ಇದಕ್ಕಿಂತ ದೊಡ್ಡ ಗೌರವ ನನಗೆ ತೋಚುವುದಿಲ್ಲ.

ಎಲ್ಲರೂ ಕೂಡಿ ರೊಟ್ಟಿ ತಿಂದ ಕಥೆಯ ಆ ವಾರಕ್ಕೆ ಅಡುಗೆಯೂ ರೊಟ್ಟಿಯೇ ಸರಿ. ಸಬ್ಬತ್ತಿನ ಮೇಜಿನ ಮೇಲೆ ಪ್ರತಿ ವಾರವೂ ‘ಹಲ್ಲಾ’ ಎಂಬ ಹೆಣೆದ ಬ್ರೆಡ್ ಇರುತ್ತದೆ. ಒಂದಲ್ಲ, ಎರಡು. ಮರುಭೂಮಿಯಲ್ಲಿ ಆಕಾಶದಿಂದ ಸುರಿಯುತ್ತಿದ್ದ ‘ಮನ್ನ’ ಎಂಬ ಆಹಾರ ಶುಕ್ರವಾರ ಮಾತ್ರ ಇಮ್ಮಡಿ ಸಿಗುತ್ತಿತ್ತು, ಶನಿವಾರ ಯಾರೂ ಆಯಲು ಹೋಗಬಾರದೆಂದು. ಆ ನೆನಪಿಗೆ ಎರಡು. ಮನ್ನದ ಕೆಳಗೂ ಮೇಲೂ ಇಬ್ಬನಿ ಇರುತ್ತಿತ್ತಂತೆ, ಅದಕ್ಕೇ ಬ್ರೆಡ್ಡಿನ ಮೇಲೊಂದು ಬಟ್ಟೆ ಮುಚ್ಚುತ್ತಾರೆ.

ಮಾಡುವುದು ಹೀಗೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಎರಡೂಕಾಲು ಟೀ ಚಮಚ ಯೀಸ್ಟ್, ಒಂದು ಚಮಚ ಸಕ್ಕರೆ ಹಾಕಿ ನೊರೆ ಬರುವವರೆಗೆ ಬಿಡಿ. ನಾಲ್ಕು ಲೋಟ ಬ್ರೆಡ್ ಹಿಟ್ಟು, ಕಾಲು ಲೋಟ ಸಕ್ಕರೆ, ಕಾಲು ಲೋಟ ಎಣ್ಣೆ, ಒಂದೂವರೆ ಟೀ ಚಮಚ ಉಪ್ಪು, ಒಂದು ಮೊಟ್ಟೆ ಸೇರಿಸಿ ಹತ್ತು ನಿಮಿಷ ಚೆನ್ನಾಗಿ ನಾದಿ. ಅಂಟಿದರೆ ಇನ್ನೊಂದಿಷ್ಟು ಹಿಟ್ಟು ಉದುರಿಸಿಕೊಳ್ಳಿ. ಬೆಣ್ಣೆ ಹಾಕುವುದಿಲ್ಲ, ಏಕೆಂದರೆ ಅವರಲ್ಲಿ ಮಾಂಸದೂಟದ ಜೊತೆ ಹಾಲಿನ ಪದಾರ್ಥ ಸೇರಿಸುವಂತಿಲ್ಲ. ಹಿಟ್ಟು ಎರಡರಷ್ಟು ಉಬ್ಬಿದ ಮೇಲೆ ಎರಡು ಪಾಲು ಮಾಡಿ, ಪ್ರತಿ ಪಾಲನ್ನೂ ಮೂರು ಎಳೆಯಾಗಿ ಹೊಸೆದು ಜಡೆ ಹೆಣೆಯಿರಿ. ಈ ಕೆಲಸ ಮಕ್ಕಳದು, ಅಮ್ಮಂದಿರು ಕೈ ಹಾಕಬೇಡಿ. ಅರ್ಧ ಗಂಟೆ ಬಿಟ್ಟು, ಮೇಲೆ ಮೊಟ್ಟೆ ಸವರಿ, ಎಳ್ಳು ಉದುರಿಸಿ, 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಅರ್ಧ ಗಂಟೆ ಬೇಯಿಸಿ. ಮೊಟ್ಟೆ ತಿನ್ನದವರು ಅದನ್ನು ಬಿಟ್ಟು ಸ್ವಲ್ಪ ನೀರು ಹೆಚ್ಚು ಹಾಕಿಕೊಳ್ಳಿ, ಮೊಟ್ಟೆಯಿಲ್ಲದ ಹಲ್ಲಾ ಕೂಡ ಅವರ ಸಂಪ್ರದಾಯದಲ್ಲೇ ಇದೆ.

ನವೆಂಬರಿನ ಸುಮಾರಿಗೆ ಬರುವ ಇನ್ನೊಂದು ಪಾರಾಶಾದಲ್ಲಿ ಅಣ್ಣ ಏಸಾವ ಬೇಟೆಯಿಂದ ಹಸಿದು ಬಂದು, ತಮ್ಮ ಯಾಕೋಬ ಬೇಯಿಸಿದ್ದ ಕೆಂಪು ಬೇಳೆಯ ಸಾರಿಗಾಗಿ ತನ್ನ ಹಿರಿತನದ ಹಕ್ಕನ್ನೇ ಮಾರುತ್ತಾನೆ. ಕೆಲವು ಮನೆಗಳಲ್ಲಿ ಆ ವಾರ ಬೇಳೆಯ ಸಾರನ್ನೇ ಮಾಡುತ್ತಾರೆ. ನಮ್ಮ ಚನ್ನಂಗಿ ಬೇಳೆ ಸಾಕು: ಆಲಿವ್ ಎಣ್ಣೆಯಲ್ಲಿ ಈರುಳ್ಳಿ ಕೆಂಪಗೆ ಬಾಡಿಸಿ, ಬೆಳ್ಳುಳ್ಳಿ, ಕ್ಯಾರೆಟ್, ಜೀರಿಗೆ ಪುಡಿ ಹಾಕಿ, ಬೇಳೆ ಕರಗುವವರೆಗೆ ಬೇಯಿಸಿ, ಇಳಿಸಿ ನಿಂಬೆರಸ ಹಿಂಡಿ. ಉಣ್ಣುತ್ತಾ ಕೇಳಿ: ಹಸಿದವನಿಂದ ಹಕ್ಕು ಬರೆಸಿಕೊಂಡ ತಮ್ಮ ಮಾಡಿದ್ದು ಸರಿಯೇ? ಪಕ್ಕದ ಮನೆಯ ಮೇಜಿನಲ್ಲಿ ಈ ಪ್ರಶ್ನೆಗೆ ಎರಡು ಪಕ್ಷವಾಗಿ ಸಿಹಿ ಬಡಿಸುವವರೆಗೂ ವಾದ ನಡೆಯಿತು.

ಹುಡುಗಿಯರೇ, ಬೇಸಿಗೆಯಲ್ಲಿ ಬರುವ ಒಂದು ಕಥೆ ನಿಮಗಾಗಿ. ಚಲ್ಪಹಾದ ಎಂಬವನಿಗೆ ಗಂಡುಮಕ್ಕಳಿರಲಿಲ್ಲ. ಅವನು ಸತ್ತಾಗ ಐವರು ಹೆಣ್ಣುಮಕ್ಕಳು, ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ, ಇಡೀ ಸಭೆಯ ಮುಂದೆ ನಿಂತು ತಂದೆಯ ಪಾಲಿನ ನೆಲ ನಮಗೇಕಿಲ್ಲ ಎಂದು ಕೇಳುತ್ತಾರೆ. ಮೋಶೆಗೆ ಉತ್ತರ ಗೊತ್ತಿಲ್ಲ. ಗದರಿ ಕಳಿಸದೆ ದೇವರನ್ನು ಕೇಳುತ್ತಾನೆ. ಹೆಣ್ಣುಮಕ್ಕಳು ಹೇಳುವುದೇ ನ್ಯಾಯ ಎಂಬ ಉತ್ತರ ಬರುತ್ತದೆ, ಕಾನೂನು ಬದಲಾಗುತ್ತದೆ. ಐವರ ಹೆಸರೂ ಉಳಿದಿವೆ.

ಒಲೆ ಹಚ್ಚದೆ ಶನಿವಾರ ಬಿಸಿಯೂಟ ಹೇಗೆ ಎಂದು ನನ್ನ ಮಗ ಕೇಳಿದ್ದ. ಶುಕ್ರವಾರ ಸೂರ್ಯಾಸ್ತಕ್ಕೆ ಮೊದಲೇ ಸಣ್ಣ ಉರಿಯ ಮೇಲಿಟ್ಟ ಪಾತ್ರೆ ರಾತ್ರಿಯಿಡೀ ಬೇಯುತ್ತಿರುತ್ತದೆ. ಪೂರ್ವ ಯುರೋಪಿನವರ ‘ಚೋಲೆಂಟ್’ ಹುರುಳಿಕಾಯಿ ಬೀಜ, ಬಾರ್ಲಿ, ಆಲೂಗಡ್ಡೆ, ಮಾಂಸ ಸೇರಿದ್ದು. ಇರಾಕಿನವರದು ಕೋಳಿ ಮತ್ತು ಅಕ್ಕಿಯ ‘ತಬೀತ್’, ಮುಂಬಯಿ ಕೋಲ್ಕತ್ತಗಳಲ್ಲಿ ನೆಲೆಸಿದ ಬಾಗ್ದಾದಿ ಯೆಹೂದಿಗಳ ಜೊತೆ ಅದು ಭಾರತಕ್ಕೂ ಬಂತು. ಅದಕ್ಕೂ ಬಹಳ ಮೊದಲೇ ಕೊಂಕಣದಲ್ಲಿ ಬೆನೆ ಇಸ್ರೇಲ್ ಎಂಬ ಯೆಹೂದಿಗಳಿದ್ದರು. ಗಾಣದಲ್ಲಿ ಎಣ್ಣೆ ತೆಗೆಯುವುದು ಅವರ ಕಸುಬು, ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಅವರನ್ನು ‘ಶನಿವಾರ್ ತೇಲಿ’ ಎಂದೇ ಕರೆಯುತ್ತಿದ್ದರು. ಅವರ ‘ಮಲೀದಾ’ ನಮಗೆ ಹೊಸದಲ್ಲ: ನೆನೆಸಿದ ಅವಲಕ್ಕಿ, ಕಾಯಿತುರಿ, ಸಕ್ಕರೆ, ಏಲಕ್ಕಿ, ಹಣ್ಣು. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲೇ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಕಂಚಿನ ಕಾರ್ಖಾನೆ ಇಟ್ಟುಕೊಂಡಿದ್ದ. ಏಡನ್ನಿನ ಗೆಳೆಯರು ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದರು. ಆ ಪತ್ರಗಳು ಕೈರೋದ ಹಳೆಯ ಸಿನಗಾಗ್‌ನ ಕೋಣೆಯೊಂದರಲ್ಲಿ ಉಳಿದುಕೊಂಡು ನಮ್ಮವರೆಗೂ ಬಂದಿವೆ.

ಇನ್ನು ಹಿರಿಯರಲ್ಲಿ ಒಂದು ಮಾತು. ನಮ್ಮ ಅಜ್ಜಿಯ ಮನೆಯಲ್ಲಿ ಶ್ರಾವಣದ ಸಂಜೆಗಳಲ್ಲಿ ಭಾರತ ಓದಿಸುತ್ತಿದ್ದರು. ಒಬ್ಬರು ರಾಗವಾಗಿ ಓದುವರು, ಇನ್ನೊಬ್ಬರು ಅರ್ಥ ಹೇಳುವರು, ನಾವು ಮಕ್ಕಳು ಕಂಬಕ್ಕೊರಗಿ ಕೇಳುತ್ತಿದ್ದೆವು. ಈಗ ನಮ್ಮ ಮಕ್ಕಳಿಗೆ ಕರ್ಣನ ಹೆಸರು ಗೊತ್ತು, ಅವನ ಸಂಕಟ ಗೊತ್ತಿಲ್ಲ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಶನಿವಾರದ ಕನ್ನಡ ಕಲಿ ತರಗತಿಗೆ ಕಳಿಸಿ ನಮ್ಮ ಪಾಲು ಮುಗಿಯಿತು ಎಂದುಕೊಂಡರೆ ಸಾಲದು. ದೇಶದಿಂದ ದೇಶಕ್ಕೆ ಅಲೆದ ಜನ ತಮ್ಮ ಕಥೆಯನ್ನು ಉಳಿಸಿಕೊಂಡದ್ದು ಮನೆಯ ಮೇಜಿನ ಮೇಲೆ, ವಾರ ತಪ್ಪದೆ, ಮಕ್ಕಳ ಬಾಯಲ್ಲೇ ಹೇಳಿಸಿ.

ಮೋಶೆಯ ಹಾಗೆ ನಮ್ಮ ಕನ್ನಡ ಕೂಟದಲ್ಲಿಯೂ ಪ್ರತಿ ವರ್ಷ ನಾಲ್ಕು ಜನ ಎಲ್ಲವನ್ನೂ ಹೊರುತ್ತಾರೆ. ಹಾಲ್ ಬುಕ್ ಮಾಡುವುದರಿಂದ ಹಿಡಿದು ಬಿಸಿಬೇಳೆಬಾತ್ ಬಡಿಸುವವರೆಗೆ ಅವರೇ. ಎರಡು ವರ್ಷಕ್ಕೆ ದಣಿದು ದೂರವಾಗುತ್ತಾರೆ. ಹತ್ತಕ್ಕೊಬ್ಬ ಎಂದ ಇತ್ರೋವಿನ ಮಾತು ನಮಗೂ ಸಲ್ಲುತ್ತದೆ, ಆ ಹತ್ತರಲ್ಲಿ ಹನ್ನೆರಡು ವರ್ಷದವರಿಗೂ ಜಾಗವಿರಲಿ. ರಾಜ್ಯೋತ್ಸವದ ನಿರೂಪಣೆ, ಯುಗಾದಿಯ ಊಟದ ಪಟ್ಟಿ, ಇವನ್ನು ಅವರ ಕೈಗೇ ಕೊಟ್ಟುಬಿಡೋಣ.

ಮಕ್ಕಳೇ, ಮುಂದಿನ ವಾರ ಯಾವುದಾದರೂ ಒಂದು ಸಂಜೆ ಹಿಟ್ಟು ನಾದಿ, ಜಡೆ ಹೆಣೆಯಿರಿ. ಬೇಯುವ ಹೊತ್ತಿಗೆ ನಿಮಗಿಷ್ಟವಾದ ಒಂದು ಕಥೆ ಆರಿಸಿಕೊಳ್ಳಿ. ಇತ್ರೋವಿನದಾಗಲಿ, ಕರ್ಣನದಾಗಲಿ, ಊಟದ ಹೊತ್ತಿನಲ್ಲಿ ಕನ್ನಡದಲ್ಲಿ ಹೇಳಿ ದೊಡ್ಡವರಿಗೆ ಒಂದು ಪ್ರಶ್ನೆ ಹಾಕಿ. ಆ ಪ್ರಶ್ನೆಯನ್ನು ನಿಮ್ಮ ಕೈಬರಹದಲ್ಲೇ ಬರೆದು ಈ ಪತ್ರಿಕೆಗೆ ಕಳಿಸಿ. ಕಾಗುಣಿತ ತಪ್ಪಿದ್ದರೂ ಇರಲಿ, ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಅಚ್ಚು ಹಾಕುತ್ತೇವೆ.