ಮರಳಿನಡಿಯಿಂದ ಮರಳಿ ಬಂದ ‘ಬ್ಯಾಬ್ಸ್’: ಜೆ. ಜಿ. ಪ್ಯಾರಿ-ಥಾಮಸ್ ಅವರ ಬದುಕು

ಮನುಷ್ಯರಿಗೆ ಸಮಾಧಿ ಕಟ್ಟುವುದು ಲೋಕರೂಢಿ. ಮೋಟಾರು ಕಾರೊಂದಕ್ಕೆ ಸಮಾಧಿ ತೋಡಿದ ಸಂಗತಿ ಮಾತ್ರ ಅಪರೂಪ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಪೆಂಡೈನ್ ಕಡಲತೀರದಲ್ಲಿ 1927ರ ಮಾರ್ಚ್ ತಿಂಗಳಿನಲ್ಲಿ ಅಂಥದೊಂದು ಘಟನೆ ನಡೆಯಿತು. ತನ್ನ ಒಡೆಯನನ್ನು ಬಲಿತೆಗೆದುಕೊಂಡ ‘ಬ್ಯಾಬ್ಸ್’ ಎಂಬ ಕಾರನ್ನು ಆತನ ಸಂಗಡಿಗರು ಮರಳದಿಬ್ಬದಲ್ಲಿ ಹೂತರು. ಆ ಒಡೆಯರೇ ಜಾನ್ ಗಾಡ್‌ಫ್ರೆ ಪ್ಯಾರಿ-ಥಾಮಸ್. ಭೂಮಿಯ ಮೇಲೆ ಅತಿ ವೇಗವಾಗಿ ವಾಹನ ಓಡಿಸಿದ ವಿಶ್ವದಾಖಲೆಯನ್ನು ತಮ್ಮ ಹೆಸರಿಗೆ ಬರೆಸಿಕೊಂಡ ಸಾಹಸಿ; ಆ ದಾಖಲೆಯ ಬೆನ್ನುಹತ್ತಿ ಪ್ರಾಣತೆತ್ತ ಮೊದಲ ಚಾಲಕ. ಆದರೆ ಇವೆರಡಕ್ಕಿಂತ ಮೊದಲು ಅವರು ಅಸಾಧಾರಣ ಪ್ರತಿಭೆಯ ಎಂಜಿನಿಯರ್ ಆಗಿದ್ದರೆಂಬುದನ್ನು ಲೋಕ ಬಹುಕಾಲ ಮರೆತಿತ್ತು. ಅದನ್ನು ನೆನಪಿಸಿದ್ದು ತುಕ್ಕು ಹಿಡಿದ ಆ ಕಾರು.

ಪ್ಯಾರಿ-ಥಾಮಸ್ ಜನಿಸಿದ್ದು 1884ರ ಏಪ್ರಿಲ್ 6ರಂದು, ವೇಲ್ಸ್‌ನ ರೆಕ್ಸ್‌ಹ್ಯಾಮ್ ಎಂಬಲ್ಲಿ. ತಂದೆ ಇಗರ್ಜಿಯ ಪಾದ್ರಿ. ಬಾಲಕನಿಗೆ ಐದು ವರ್ಷವಾದಾಗ ಕುಟುಂಬವು ಗಡಿಯಾಚೆಯ ಇಂಗ್ಲೆಂಡಿನ ಆಸ್‌ವೆಸ್ಟ್ರಿ ಪಟ್ಟಣಕ್ಕೆ ಬಂದು ನೆಲೆಸಿತು. ಅಲ್ಲಿಯ ಶಾಲೆಯಲ್ಲಿ ಓದು ಮುಗಿಸಿದ ಥಾಮಸ್, ಲಂಡನ್ನಿನ ಸಿಟಿ ಅಂಡ್ ಗಿಲ್ಡ್ಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಕಲಿತರು. ಪಾದ್ರಿಯ ಮನೆಯ ಹುಡುಗ ಯಂತ್ರಗಳ ಉಪಾಸಕನಾದ.

ಅವರ ಆರಂಭದ ಆಸಕ್ತಿ ಓಟದ ಕಾರುಗಳಲ್ಲಿ ಇರಲಿಲ್ಲ. ಪೆಟ್ರೋಲ್ ಎಂಜಿನ್ನಿನ ಶಕ್ತಿಯನ್ನು ವಿದ್ಯುತ್ತಿನ ನೆರವಿನಿಂದ ಚಕ್ರಗಳಿಗೆ ಸಾಗಿಸುವ ವ್ಯವಸ್ಥೆಯೊಂದನ್ನು ಅವರು ರೂಪಿಸಿದರು. ಗೇರು ಬದಲಿಸುವುದು ಚಾಲಕನ ತೋಳಿಗೂ ಯಂತ್ರದ ಹಲ್ಲುಗಳಿಗೂ ದೊಡ್ಡ ಪರೀಕ್ಷೆಯಾಗಿದ್ದ ಕಾಲ ಅದು. ‘ಥಾಮಸ್ ಟ್ರಾನ್ಸ್‌ಮಿಷನ್’ ಎಂದು ಹೆಸರಾದ ಈ ವ್ಯವಸ್ಥೆಯನ್ನು ಬಸ್ಸು ಹಾಗೂ ರೈಲುಬಂಡಿಗಳಲ್ಲಿ ಬಳಸಲಾಯಿತು. ಒಂದನೆಯ ಮಹಾಯುದ್ಧದ ಅವಧಿಯಲ್ಲಿ ಸರಕಾರವು ಯುದ್ಧೋಪಕರಣಗಳ ಹೊಸ ಆವಿಷ್ಕಾರಗಳನ್ನು ಪರಿಶೀಲಿಸಲು ಅವರ ಸೇವೆಯನ್ನು ಪಡೆಯಿತು. ಯುದ್ಧ ಮುಗಿದ ಬಳಿಕ ಅವರು ಲೇಲ್ಯಾಂಡ್ ಮೋಟಾರ್ಸ್ ಸಂಸ್ಥೆಯ ಮುಖ್ಯ ಎಂಜಿನಿಯರರಾಗಿದ್ದರು.

ಲೇಲ್ಯಾಂಡ್ ಎಂದೊಡನೆ ನಮಗೆ ನೆನಪಾಗುವುದು ಲಾರಿ ಮತ್ತು ಬಸ್ಸುಗಳು. ಇಂಥ ಸಂಸ್ಥೆಯಲ್ಲಿದ್ದುಕೊಂಡು, ಹಣದ ಮಿತಿಯನ್ನು ಲೆಕ್ಕಿಸದೆ ಜಗತ್ತಿನ ಅತ್ಯುತ್ತಮ ಕಾರೊಂದನ್ನು ರೂಪಿಸುವ ಅವಕಾಶ ಥಾಮಸರಿಗೆ ದೊರೆಯಿತು. ಎಂಟು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತಿರುವ ಏಳು ಲೀಟರು ಗಾತ್ರದ ಎಂಜಿನ್ನುಳ್ಳ ‘ಲೇಲ್ಯಾಂಡ್ ಎಯ್ಟ್’ 1920ರಲ್ಲಿ ಲಂಡನ್ನಿನ ಒಲಿಂಪಿಯಾ ಪ್ರದರ್ಶನದಲ್ಲಿ ಕಾಣಿಸಿಕೊಂಡಾಗ ಎಲ್ಲರ ಕಣ್ಣು ಅದರತ್ತ ನೆಟ್ಟಿತು. ವಿನ್ಯಾಸದಲ್ಲಿ ಅವರಿಗೆ ನೆರವಾದವರು ರೀಡ್ ರೇಲ್ಟನ್ ಎಂಬ ತರುಣ. ಬ್ರೇಕಿಗೆ ನಿರ್ವಾತದ ನೆರವು ನೀಡುವಂಥ, ಮುಂದಿನ ದಶಕಗಳಲ್ಲಿ ಸರ್ವಸಾಮಾನ್ಯವಾದ ಯುಕ್ತಿಗಳು ಆ ಕಾರಿನಲ್ಲಿ ಆಗಲೇ ಇದ್ದವು. ಐರ್ಲೆಂಡಿನ ನಾಯಕ ಮೈಕೆಲ್ ಕಾಲಿನ್ಸ್ 1922ರಲ್ಲಿ ಹತ್ಯೆಗೊಳಗಾದ ದಿನ ಪ್ರಯಾಣಿಸುತ್ತಿದ್ದುದು ಇದೇ ಮಾದರಿಯ ಕಾರಿನಲ್ಲಿ. ಆದರೆ ಬೆಲೆ ವಿಪರೀತ; ಯುದ್ಧಾನಂತರದ ಆರ್ಥಿಕ ಮುಗ್ಗಟ್ಟಿನಲ್ಲಿ ಕೊಳ್ಳುವವರು ವಿರಳ. ಬೆರಳೆಣಿಕೆಯಷ್ಟು ಕಾರುಗಳು ತಯಾರಾಗುವಷ್ಟರಲ್ಲಿ ಯೋಜನೆ ನಿಂತುಹೋಯಿತು.

ತಮ್ಮ ಕನಸಿನ ಕಾರು ಮಾರುಕಟ್ಟೆಯಲ್ಲಿ ಸೋತಾಗ ಥಾಮಸ್ ಒಂದು ನಿರ್ಧಾರಕ್ಕೆ ಬಂದರು. ತಾವು ರೂಪಿಸಿದ ಯಂತ್ರದ ಯೋಗ್ಯತೆಯನ್ನು ತಾವೇ ಓಡಿಸಿ ತೋರಿಸುವುದು! 1923ರಲ್ಲಿ ಭದ್ರವಾದ ಹುದ್ದೆಯನ್ನು ತ್ಯಜಿಸಿ, ಲಂಡನ್ನಿನ ಸಮೀಪದ ಬ್ರೂಕ್‌ಲ್ಯಾಂಡ್ಸ್ ಓಟದ ಅಂಗಳಕ್ಕೆ ಬಂದು ನೆಲೆಸಿದರು. ಆಗ ಅವರಿಗೆ ಸುಮಾರು 39 ವರ್ಷ. ಸಾಮಾನ್ಯವಾಗಿ ಓಟಗಾರರು ನಿವೃತ್ತಿಯ ಮಾತಾಡುವ ವಯಸ್ಸಿನಲ್ಲಿ ಇವರ ಓಟ ಆರಂಭವಾಯಿತು. ಅಂಗಳದ ಸುತ್ತುಹಾದಿಯ ಒಳಗೇ ಇದ್ದ ಪುಟ್ಟ ಬಂಗಲೆ ಅವರ ಮನೆ. ಸಾಕಿದ ನಾಯಿಗಳೇ ಸಂಗಾತಿಗಳು. ಮದುವೆಯಾಗಲಿಲ್ಲ. ದೃಢಕಾಯದ, ಮಿತಭಾಷಿಯಾದ ಈ ಮನುಷ್ಯ ಬಣ್ಣದ ಚಿತ್ತಾರವುಳ್ಳ ಉಣ್ಣೆಯ ಅಂಗಿ ತೊಟ್ಟು ಕಾರಿನಲ್ಲಿ ಕುಳಿತರೆಂದರೆ ಪ್ರೇಕ್ಷಕರು ದೂರದಿಂದಲೇ ಗುರುತು ಹಿಡಿಯುತ್ತಿದ್ದರು.

1925ರ ಜುಲೈಯಲ್ಲಿ ನಡೆದ ಒಂದು ಪಂದ್ಯವನ್ನು ಇಲ್ಲಿ ಸ್ಮರಿಸಬೇಕು. ಅರ್ನೆಸ್ಟ್ ಎಲ್‌ಡ್ರಿಜ್ ಅವರ ಬಳಿ 21 ಲೀಟರಿಗೂ ಮೀರಿದ ಗಾತ್ರದ ಎಂಜಿನ್ನುಳ್ಳ ‘ಮೆಫಿಸ್ಟೋಫಿಲಿಸ್’ ಎಂಬ ಫಿಯಟ್ ಕಾರಿತ್ತು. ಅದರ ಎದುರು ಥಾಮಸರ ಲೇಲ್ಯಾಂಡ್ ಏಳು ಲೀಟರಿನದು. ಇಬ್ಬರೇ ಸ್ಪರ್ಧಿಸಿದ ಆ ಓಟದಲ್ಲಿ ಗೆದ್ದವರು ಥಾಮಸ್. ಗಾತ್ರಕ್ಕಿಂತ ವಿನ್ಯಾಸ ದೊಡ್ಡದೆಂಬ ಅವರ ನಂಬಿಕೆಗೆ ಆ ದಿನ ಸಾವಿರಾರು ಕಣ್ಣುಗಳು ಸಾಕ್ಷಿಯಾದವು.

ಆದರೆ ಭೂವೇಗದ ವಿಶ್ವದಾಖಲೆಗೆ ಲೇಲ್ಯಾಂಡ್ ಸಾಲದು. ಹೊಸ ಕಾರು ಕಟ್ಟಿಸಲು ಅವರಲ್ಲಿ ದೊಡ್ಡ ಬಂಡವಾಳವೂ ಇರಲಿಲ್ಲ. ಆಗ ಅವರ ಕಣ್ಣಿಗೆ ಬಿದ್ದದ್ದು ಒಡೆಯನಿಲ್ಲದ ಕಾರೊಂದು. ಶ್ರೀಮಂತ ಓಟಗಾರ ಕೌಂಟ್ ಲೂಯಿ ಝ್ಬೊರೊವ್ಸ್ಕಿ ಕಟ್ಟಿಸಿದ್ದ ‘ಹೈಯಮ್ ಸ್ಪೆಷಲ್’ ಎಂಬ ಆ ಕಾರಿನಲ್ಲಿ ವಿಮಾನಕ್ಕಾಗಿ ತಯಾರಾದ 27 ಲೀಟರಿನ, 12 ಸಿಲಿಂಡರುಗಳ ‘ಲಿಬರ್ಟಿ’ ಎಂಜಿನ್ ಇತ್ತು. ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಸಾಗಿಸುತ್ತಿದ್ದುದು ಸೈಕಲ್ಲಿನಲ್ಲಿರುವಂತೆ ಸರಪಳಿಗಳು. ಕೌಂಟ್ 1924ರ ಅಕ್ಟೋಬರಿನಲ್ಲಿ ಇಟಲಿಯ ಮೊಂಜಾದ ಓಟದಲ್ಲಿ ಮಡಿದಿದ್ದರು. ಆ ಕಾರನ್ನು ಥಾಮಸ್ ಕೊಂಡದ್ದು ಕೇವಲ 125 ಪೌಂಡುಗಳಿಗೆ. ತಮ್ಮದೇ ವಿನ್ಯಾಸದ ಪಿಸ್ಟನ್ನುಗಳನ್ನೂ ನಾಲ್ಕು ಕಾರ್ಬ್ಯುರೇಟರುಗಳನ್ನೂ ಅಳವಡಿಸಿ, ಗಾಳಿಯನ್ನು ಸೀಳಿಕೊಂಡು ಹೋಗುವಂಥ ಹೊಸ ಮೈಕಟ್ಟನ್ನು ತೊಡಿಸಿ, ‘ಬ್ಯಾಬ್ಸ್’ ಎಂದು ಮುದ್ದಾಗಿ ನಾಮಕರಣ ಮಾಡಿದರು. ಹೀಗೆ ಬ್ಯಾಬ್ಸ್‌ನ ಮೊದಲ ಪುನರುಜ್ಜೀವನ ಸ್ವತಃ ಥಾಮಸರ ಕೈಯಿಂದಲೇ ಆಯಿತೆಂಬುದು ಗಮನಾರ್ಹ.

ಪೆಂಡೈನ್ ಕಡಲತೀರ ಸುಮಾರು ಏಳು ಮೈಲಿ ಉದ್ದದ ಮರಳಿನ ಹಾಸು. ಅಲೆ ಹಿಂಜರಿದಾಗ ಮರಳು ಗಟ್ಟಿಯಾಗಿ ಹೆದ್ದಾರಿಯಂತಾಗುತ್ತದೆ. 1926ರ ಮಾರ್ಚಿನಲ್ಲಿ ಹೆನ್ರಿ ಸೀಗ್ರೇವ್ ಗಂಟೆಗೆ 152.33 ಮೈಲಿ ವೇಗದ ದಾಖಲೆ ಸ್ಥಾಪಿಸಿದ್ದರು. ಅದೇ ವರ್ಷದ ಏಪ್ರಿಲ್ 27ರಂದು ಪೆಂಡೈನ್‌ನಲ್ಲಿ ಬ್ಯಾಬ್ಸ್ ಓಡಿದ ವೇಗ 169.30 ಮೈಲಿ! ಮರುದಿನ ಥಾಮಸ್ ತಮ್ಮ ದಾಖಲೆಯನ್ನು ತಾವೇ ಮುರಿದು 171.02 ಮೈಲಿ, ಅಂದರೆ ಸುಮಾರು 275 ಕಿಲೋಮೀಟರು ವೇಗವನ್ನು ಮುಟ್ಟಿದರು. ದೊಡ್ಡ ಸಂಸ್ಥೆಗಳ ಬೆಂಬಲದ ಕಾರುಗಳ ನಡುವೆ, ಸತ್ತವರ ಆಸ್ತಿಯಿಂದ ಅಗ್ಗಕ್ಕೆ ಕೊಂಡ ಹಳೆಯ ಕಾರೊಂದು ಜಗತ್ತಿನಲ್ಲೇ ಅತಿ ವೇಗದ್ದೆನಿಸಿತು.

ದಾಖಲೆ ಒಂದು ವರ್ಷವೂ ಉಳಿಯಲಿಲ್ಲ. 1927ರ ಫೆಬ್ರುವರಿ 4ರಂದು ಅದೇ ಪೆಂಡೈನ್‌ನಲ್ಲಿ ಮಾಲ್ಕಮ್ ಕ್ಯಾಂಪ್‌ಬೆಲ್ 174 ಮೈಲಿಗಳನ್ನು ದಾಟಿದರು. ಅತ್ತ ಸೀಗ್ರೇವ್ 200 ಮೈಲಿಯ ಗುರಿಯಿಟ್ಟು ಅಮೆರಿಕಕ್ಕೆ ಹೊರಡುವ ಸಿದ್ಧತೆಯಲ್ಲಿದ್ದರು. ಥಾಮಸರಿಗೆ ಕಾಯಲು ಕಾಲವಿರಲಿಲ್ಲ. ಫ್ಲೂ ಜ್ವರದಿಂದ ಇನ್ನೂ ಚೇತರಿಸಿಕೊಳ್ಳದಿದ್ದರೂ ಅವರು ಪೆಂಡೈನ್‌ಗೆ ಬಂದರು. ಮಾರ್ಚ್ 3ರಂದು ಮರಳಿನ ಮೇಲೆ ಪೂರ್ಣ ವೇಗದಲ್ಲಿ ಸಾಗುತ್ತಿದ್ದ ಬ್ಯಾಬ್ಸ್ ಹಠಾತ್ತನೆ ಹತೋಟಿ ತಪ್ಪಿ ಮಗುಚಿ, ಬೆಂಕಿ ಹೊತ್ತಿಕೊಂಡಿತು. ಸಹಾಯಕರು ಓಡಿಬರುವ ಮೊದಲೇ ಥಾಮಸ್ ಕೊನೆಯುಸಿರೆಳೆದಿದ್ದರು. ಅವರಿಗೆ ಇನ್ನೂ 43 ತುಂಬಿರಲಿಲ್ಲ. ಬ್ರೂಕ್‌ಲ್ಯಾಂಡ್ಸ್‌ಗೆ ಸಮೀಪದ ಬೈಫ್ಲೀಟ್ ಗ್ರಾಮದ ಇಗರ್ಜಿಯ ಆವರಣದಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು. ನಾಲ್ಕು ವಾರ ತುಂಬುವ ಮೊದಲೇ, ಮಾರ್ಚ್ 29ರಂದು, ಸೀಗ್ರೇವ್ ಡೇಟೋನಾದಲ್ಲಿ 203.79 ಮೈಲಿ ವೇಗದಲ್ಲಿ ಕಾರು ಓಡಿಸಿ ಹೊಸ ಯುಗವನ್ನೇ ತೆರೆದರು.

ಇತ್ತ ಪೆಂಡೈನ್‌ನಲ್ಲಿ ದುಃಖತಪ್ತ ಸಂಗಡಿಗರು ಕಾರಿನ ಚರ್ಮದ ಆಸನಗಳನ್ನು ಸೀಳಿ, ಮಾಪಕಗಳ ಗಾಜುಗಳನ್ನು ಒಡೆದು, ಮರಳಿನಲ್ಲಿ ಆಳವಾದ ಗುಂಡಿ ತೋಡಿ ಅದನ್ನು ಹೂತರು. ನೆನಪಿನ ಕಾಣಿಕೆಯೆಂದು ಯಾರೂ ಒಂದು ಚೂರನ್ನೂ ಒಯ್ಯಬಾರದು, ಯಾರೂ ಅದನ್ನು ಮತ್ತೆ ಓಡಿಸಬಾರದು ಎಂಬ ಭಾವನೆ ಅದರ ಹಿಂದೆ ಇದ್ದಿರಬೇಕು. ಕಾಲಕ್ರಮೇಣ ಆ ಜಾಗ ಸೇನೆಯ ಗುಂಡು ಹಾರಿಸುವ ಅಭ್ಯಾಸದ ಪ್ರದೇಶದೊಳಗೆ ಸೇರಿತು.

ಆ ದಿನಗಳಿಂದ ಒಂದು ಕಥೆ ಬೇರೂರಿತು. ಬಲಗಡೆಯ ಸರಪಳಿ ತುಂಡಾಗಿ ಚಾಟಿಯಂತೆ ಬೀಸಿ ಬಂದು ಚಾಲಕನ ತಲೆಗೆ ಬಡಿಯಿತು ಎಂಬುದೇ ಆ ಕಥೆ. ಕೇಳಿದವರು ನಂಬುವಂಥದ್ದೇ. ಆದರೆ ಅದರಲ್ಲಿ ಅಡಗಿದ್ದ ಆರೋಪವನ್ನು ಗಮನಿಸಬೇಕು. ಹಳೆಯ ಕಾಲದ ಸರಪಳಿಯನ್ನು ನಂಬಿ ಅಷ್ಟು ವೇಗಕ್ಕೆ ಕೈಹಾಕಿದ್ದು ಥಾಮಸರ ಅವಿವೇಕ ಎಂಬ ತೀರ್ಪು ಅದರೊಳಗೇ ಇತ್ತು. ಬದುಕಿನುದ್ದಕ್ಕೂ ಯಂತ್ರದ ಪ್ರತಿಯೊಂದು ಅಂಗವನ್ನೂ ಅಳೆದು ತೂಗಿ ನೋಡಿದ ಎಂಜಿನಿಯರನಿಗೆ ಇದಕ್ಕಿಂತ ಕಠೋರವಾದ ತೀರ್ಪು ಬೇರೊಂದಿಲ್ಲ. ಅದನ್ನು ಅಲ್ಲಗಳೆಯುವ ಸಾಕ್ಷ್ಯವೇನಾದರೂ ಇದ್ದರೆ ಅದು ಮರಳಿನಡಿಯಲ್ಲೇ ಇತ್ತು.

1969ರಲ್ಲಿ ವೇಲ್ಸ್‌ನ ಬ್ಯಾಂಗರ್ ತಾಂತ್ರಿಕ ಕಾಲೇಜಿನ ಉಪನ್ಯಾಸಕ ಓವೆನ್ ವಿನ್ ಓವೆನ್ ಅವರು ಕಾರನ್ನು ಹೊರತೆಗೆಯಲು ಅಧಿಕೃತ ಅನುಮತಿ ಪಡೆದರು. ಸ್ಥಳೀಯರಲ್ಲಿ ವಿರೋಧವಿಲ್ಲದಿರಲಿಲ್ಲ. ಗೌರವದಿಂದ ಹೂತದ್ದನ್ನು ಅಗೆಯುವುದು ಸಮಾಧಿಯ ಶಾಂತಿಯನ್ನು ಕದಡಿದಂತೆ ಎಂಬ ಭಾವನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಥಾಮಸರ ದೇಹ ಬೈಫ್ಲೀಟ್‌ನಲ್ಲಿ ನೆಮ್ಮದಿಯಾಗಿತ್ತು. ಪೆಂಡೈನ್‌ನಲ್ಲಿ ದಿನದಿನವೂ ಕರಗುತ್ತಿದ್ದುದು ಅವರ ಕೈಕೆಲಸ. ಅವರು ಬದುಕಿದ್ದು 42 ವರ್ಷ. ಅವರ ಕಾರು ಮರಳಿನಡಿ ಕಳೆದದ್ದೂ 42 ವರ್ಷ. ಇನ್ನೂ ಕೆಲವು ದಶಕಗಳು ಸಂದಿದ್ದರೆ ಅಗೆದು ತೆಗೆಯಲು ಏನೂ ಉಳಿಯುತ್ತಿರಲಿಲ್ಲವೇನೋ.

ಹೊರಬಂದದ್ದು ಕಾರು ಎನ್ನುವುದಕ್ಕಿಂತ ತುಕ್ಕಿನ ಮುದ್ದೆ. ಕಡಲ ಉಪ್ಪು ಲೋಹಕ್ಕೆ ಪರಮವೈರಿ. ತೇವದ ಜೊತೆ ಸೇರಿದರೆ ಅದು ಕಬ್ಬಿಣವನ್ನು ಪದರಪದರವಾಗಿ ಉದುರಿಸುತ್ತದೆ, ಅಲ್ಯುಮಿನಿಯಮನ್ನು ಬಿಳಿಯ ಪುಡಿಯಾಗಿಸುತ್ತದೆ. ತೆಳುವಾದ ಹೊರಮೈ ತಗಡು ಬಹುಪಾಲು ನಶಿಸಿತ್ತು. ಇಂಥ ಯಂತ್ರವನ್ನು ಮತ್ತೆ ಕಟ್ಟುವವನಿಗೆ ಬೇಕಾದುದು ಬಲಕ್ಕಿಂತ ಹೆಚ್ಚಾಗಿ ತಾಳ್ಮೆ. ಜಡಿದು ಕುಳಿತ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಮುರಿದೇಹೋಗುತ್ತದೆ. ಎಣ್ಣೆ ಉಣಿಸಿ, ಕಾಯಿಸಿ, ದಿನಗಟ್ಟಲೆ ಕಾಯಬೇಕು. ಅರ್ಧ ಸವೆದ ಭಾಗವನ್ನು ಎಸೆಯುವಂತಿಲ್ಲ. ಉಳಿದರ್ಧದ ಅಳತೆಯಿಂದಲೇ ಹೊಸದರ ನಕ್ಷೆ ಹುಟ್ಟಬೇಕು. ಓವೆನ್ ಅವರು ಈ ತಪಸ್ಸಿಗೆ ಮುಡಿಪಿಟ್ಟದ್ದು ಸುಮಾರು 15 ವರ್ಷಗಳು. ಕೊನೆಗೊಮ್ಮೆ ಲಿಬರ್ಟಿ ಎಂಜಿನ್ ಗರ್ಜಿಸಿತು, ಬ್ಯಾಬ್ಸ್ ಮತ್ತೆ ಚಲಿಸಿತು.

ಅವಶೇಷಗಳನ್ನು ಕೂಲಂಕಷವಾಗಿ ಪರಿಶೀಲಿಸಿದಾಗ ಹಳೆಯ ಕಥೆ ಅಲುಗಾಡಿತು. ಚಾಲಕನ ಸಾವಿಗೆ ಸರಪಳಿಯ ಹೊಡೆತವೇ ಕಾರಣವೆನ್ನುವುದು ಸಂದೇಹಾಸ್ಪದ. ಹಿಂದಿನ ಬಲಚಕ್ರ ಮೊದಲು ಕೈಕೊಟ್ಟಿರಬಹುದು, ಕಾರು ಮಗುಚಿ ಜಾರಿದಾಗ ಮಾರಣಾಂತಿಕ ಪೆಟ್ಟು ಬಿದ್ದಿರಬಹುದು ಎಂಬ ಅಭಿಪ್ರಾಯ ಬಲಗೊಂಡಿತು. ಅಂತಿಮ ತೀರ್ಪು ಎನ್ನುವಷ್ಟು ಖಚಿತವಲ್ಲವಾದರೂ, 42 ವರ್ಷ ಎದುರಿಲ್ಲದೆ ಹಬ್ಬಿದ್ದ ಆರೋಪಕ್ಕೆ ಸ್ವತಃ ಯಂತ್ರವೇ ಎದ್ದುಬಂದು ಉತ್ತರಿಸಿದಂತಾಯಿತು.

ಥಾಮಸರ ಪರಂಪರೆ ಇನ್ನೊಂದು ದಾರಿಯಲ್ಲೂ ಬೆಳೆಯಿತು. ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಅವರು ಆರಂಭಿಸಿದ್ದ ಕಾರ್ಯಾಗಾರ ಮುಂದೆ ‘ಥಾಮ್ಸನ್ ಅಂಡ್ ಟೇಲರ್’ ಎಂಬ ಹೆಸರಿನಲ್ಲಿ ಪ್ರಖ್ಯಾತವಾಯಿತು. ಅವರ ಕೈಕೆಳಗೆ ಪಳಗಿದ ರೀಡ್ ರೇಲ್ಟನ್ ವಿನ್ಯಾಸಗೊಳಿಸಿದ ಕಾರಿನಲ್ಲಿ ಜಾನ್ ಕಾಬ್ 1947ರಲ್ಲಿ ಗಂಟೆಗೆ 394 ಮೈಲಿ ವೇಗದ ವಿಶ್ವದಾಖಲೆ ಸ್ಥಾಪಿಸಿದರು. ಗುರುವಿನ 171 ಮೈಲಿಗಳಿಂದ ಶಿಷ್ಯನ 394 ಮೈಲಿಗಳವರೆಗಿನ ದೂರವನ್ನು ಕ್ರಮಿಸಲು ಹಿಡಿದದ್ದು ಕೇವಲ 21 ವರ್ಷ.

ಪೆಂಡೈನ್‌ನಲ್ಲಿ ಭೂವೇಗದ ಇತಿಹಾಸಕ್ಕೆಂದೇ ಮೀಸಲಾದ ಹೊಸ ವಸ್ತುಸಂಗ್ರಹಾಲಯ 2023ರಲ್ಲಿ ಬಾಗಿಲು ತೆರೆಯಿತು. ಬ್ಯಾಬ್ಸ್ ಪ್ರದರ್ಶನಗೊಳ್ಳುವ ಆ ಕಟ್ಟಡದ ಎದುರಿಗೇ ಅದು ಓಡಿದ, ಉರುಳಿದ, ಮಲಗಿದ ಮರಳು ಚಾಚಿಕೊಂಡಿದೆ. ಪ್ಯಾರಿ-ಥಾಮಸರ ಬದುಕನ್ನು ಹೇಳುವವರು ಹಿಂದೆ ಅವರ ಸಾವಿನಿಂದ ಆರಂಭಿಸುತ್ತಿದ್ದರು. ಬ್ಯಾಬ್ಸ್‌ನ ಮುಂದೆ ನಿಂತವರಿಗಾದರೋ ಮೊದಲು ಕಣ್ಣಿಗೆ ಬೀಳುವುದು ಅವರ ಕೆಲಸ. ಎಂಜಿನಿಯರನೊಬ್ಬನಿಗೆ ಸಲ್ಲಬೇಕಾದ ಗೌರವ ಅದೇ ಅಲ್ಲವೇ?